ಬಿಡ್ತು ಅನ್ನದ ಬಾಯಿ

ಹತ್ತು ಹೆಸರು ಕಿತ್ತಾಗಿತ್ತು. ಹನ್ನೊಂದನೆಯದಕ್ಕೆ ಬಂದಾಗ ಶೇಖಪ್ಪನಿಗೆ ಮತ್ತೆ ಚಹಾ ಕುಡಿಯಬೇಕೆನಿಸಿತು. ಬೆಳಗಿನಿಂದ ಇದು ನಾಲ್ಕನೆಯ ಚಹಾ. ಮೂರನೆಯದು ಇನ್ನೂ ಕಂಪ್ರೆಸರಿನ ಮೇಲೆ ಅರ್ಧ ಲೋಟ ಹಾಗೇ ಆರಿ ಕೂತಿತ್ತು. ಚಹಾ ಯಾರಿಗೆ ಬೇಕಾಗಿತ್ತು, ಹಾಳಾಗಲಿ, ಕೈಗೆ ಬೇರೆ ಏನಾದರೂ ಕೆಲಸ ಬೇಕಾಗಿತ್ತು. ಟೊರೊಂಟೊ ಪಕ್ಕದ ವುಡ್‌ಬ್ರಿಡ್ಜಿನ ಈ ಕಲ್ಲಿನ ಶೆಡ್ಡಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಸತ್ತವರ ಹೆಸರು ಬರೆಯುತ್ತ ಬಂದ ಕೈ ಅದು. ಬರೆಯುವುದು ಅಂದರೆ ಬರೆಯುವುದೂ ಅಲ್ಲ, ಕೀಳುವುದು. ಪಾಲಿಶ್ ಮಾಡಿದ ಕಲ್ಲಿಗೆ ರಬ್ಬರಿನ ಹಾಳೆ ಅಂಟಿಸುತ್ತಾರೆ. ಆ ಹಾಳೆಯಲ್ಲಿ ಮಷಿನ್ನು ಮೊದಲೇ ಅಕ್ಷರ ಕೊಯ್ದಿರುತ್ತದೆ. ಇವನು ಚಾಕುವಿನ ತುದಿಯಿಂದ ಒಂದೊಂದೇ ಅಕ್ಷರ ಎಬ್ಬಿಸಿ ಕಿತ್ತು ಕೆಳಗೆ ಚೆಲ್ಲುತ್ತಾನೆ. ಆಮೇಲೆ ಮರಳು ಹೊಡೆಯುವುದು. ರಬ್ಬರು ಇದ್ದಲ್ಲಿ ಮರಳು ಪುಟಿದು ಹೋಗುತ್ತದೆ, ಕಿತ್ತಲ್ಲಿ ಕಲ್ಲನ್ನು ತಿನ್ನುತ್ತದೆ. ಕೀಳದೆ ಬಿಟ್ಟರೆ ಅಲ್ಲಿ ಹೆಸರಿಲ್ಲ, ಬರೀ ನುಣುಪು ಕಲ್ಲು. ಇಷ್ಟೇ ವಿದ್ಯೆ. ಈಗ ಮುಂದೆ ನಿಂತಿದ್ದು ಆಳೆತ್ತರದ ಕರಿ ಕಲ್ಲು. ಯಾರೂ ಕಳಿಸದೆ ತಾವಾಗಿಯೇ ಯುಕ್ರೇನಿನ ಯುದ್ಧಕ್ಕೆ ಹೋಗಿ ಅಲ್ಲೇ ಸತ್ತ, ಈ ಸುತ್ತುಮುತ್ತಲಿನ ಕೆನಡಾದ ಹನ್ನೊಂದು ಮಂದಿಯ ನೆನಪಿಗೆ ಅಂತ ಒಂದು ಕಮಿಟಿಯವರು ಮಾಡಿಸಿದ್ದು. ಭಾನುವಾರ ಒಂದು ಚರ್ಚಿನ ಹಿಂದಿನ ತೋಟದಲ್ಲಿ ಇದನ್ನು ನಿಲ್ಲಿಸುತ್ತಾರೆ. ಪ್ರತಿ ಮನೆಯವರೂ ಎದ್ದು ತಮ್ಮವನ ಹೆಸರನ್ನು ತಾವೇ ಓದಬೇಕು. ನಾಳೆ ಬೆಳಿಗ್ಗೆ ಏಳಕ್ಕೆ ಟ್ರಕ್ಕು ಬರುತ್ತದೆ. ಇವತ್ತು ಶುಕ್ರವಾರ. ಹನ್ನೊಂದನೆಯ ಸಾಲಿನಲ್ಲಿ ಇದ್ದದ್ದು ಚನ್ನವೀರ ಎಸ್. ಕಂದಗಲ್ಲ, ಶೇಖಪ್ಪನ ಒಬ್ಬನೇ ಮಗ. ಅವನು ಸತ್ತು ಆರು ತಿಂಗಳಾಯಿತು. ಶೇಖಪ್ಪನ ಹೆಂಡತಿ ಜಯಶೀಲಾಗೆ ಅದು ಇನ್ನೂ ಗೊತ್ತಿಲ್ಲ.

ಆರ್ಡರು ತಂದವನೂ ತಾನೇ. ಅದನ್ನು ನೆನೆದರೆ ಶೇಖಪ್ಪನಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ. ಕಮಿಟಿಯ ಒಕ್ಸಾನಾ ಅಂತ ಒಬ್ಬ ನಿವೃತ್ತ ಟೀಚರು ಮೇ ತಿಂಗಳಲ್ಲಿ ಫೋನು ಮಾಡಿ, ಹೆಸರು ಹಾಕಲು ಮನೆಯವರ ಒಪ್ಪಿಗೆ ಬೇಕು ಅಂದಳು. ಸರ್ಕಾರ ಕಳಿಸಿದವರಲ್ಲ ನೋಡಿ ಇವರು, ಸತ್ತ ಸೈನಿಕರ ನೆನಪಿಗೆ ನವೆಂಬರಿನಲ್ಲಿ ಎಲ್ಲರೂ ಎದೆಗೆ ಚುಚ್ಚಿಕೊಳ್ಳುವ ಕೆಂಪು ಹೂವು ಇವರಿಗೂ ಸಲ್ಲುತ್ತದೋ ಇಲ್ಲವೋ ಅಂತ ಇನ್ನೂ ವಾದ ನಡೆದಿದೆ, ನಾವೇ ನೆನೆಯದಿದ್ದರೆ ಇನ್ಯಾರು ನೆನೆಯುತ್ತಾರೆ, ಅಂತ ಮೆತ್ತಗೆ, ಕ್ಲಾಸಿನಲ್ಲಿ ಪಾಠ ಹೇಳುವವರ ಹಾಗೆ ಹೇಳಿದಳು. ಸ್ಟ್ರೀಟ್ಸ್‌ವಿಲ್‌ನ ಕಾಫಿ ಅಂಗಡಿಯಲ್ಲಿ ಕೂತು ಇವನು ಸಹಿ ಮಾಡಿದ. ‘ನನ್ನ ಹೆಂಡತಿಗೆ ಆರಾಮಿಲ್ಲ, ಮನೆಗೆ ಮಾತ್ರ ಫೋನು ಮಾಡಬೇಡಿ’ ಅಂದ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡು ಎದ್ದು ಬರಬಾರದೇ? ನಾನು ಕಲ್ಲಿನ ಕೆಲಸದವನೇ, ನಮ್ಮ ಶೆಡ್ಡಿಗೇ ಕೊಡಿ, ನಾನೇ ಮುಂದೆ ನಿಂತು ಮಾಡಿಸುತ್ತೇನೆ ಅಂದುಬಿಟ್ಟ. ಬೇರೆ ಯಾರೋ ಮಾಡಿ ಅಕ್ಷರ ಸೊಟ್ಟ ಮಾಡಿದರೆ? ಇಂಗ್ಲಿಷಿನ ಎ ಇದೆಯಲ್ಲ, ಅದರ ಹೊಟ್ಟೆಯ ಪುಟ್ಟ ತ್ರಿಕೋನ ಕಲ್ಲಿನ ಮೇಲೇ ಉಳಿಯಬೇಕು, ಅಕ್ಷರದ ಜೊತೆ ಅದೂ ಎದ್ದು ಬಂದರೆ ಅಲ್ಲಿ ತೂತು ಬೀಳುತ್ತದೆ. ಮಗನ ಹೆಸರು ಇಂಗ್ಲಿಷಿನಲ್ಲಿ ಚನ್ನವೀರ್ ಅಂತ, ಅದರಲ್ಲಿ ಎರಡು ಎ. ಆ ಹೊತ್ತಿಗೆ ಅವನ ತಲೆಯಲ್ಲಿ ಇದ್ದದ್ದು ಅದೊಂದೇ, ಆ ಎರಡು ತ್ರಿಕೋನ.

ಕಳೆದ ವಾರ ಇಟಲಿ ಮೂಲದ ಮಾಲಕ ರೊಕ್ಕೊ ಕರಡು ಹಾಳೆ ಹಿಡಿದುಕೊಂಡು ಬಂದ. ರೊಕ್ಕೊನ ಅಪ್ಪ ಕಲ್ಲು ಖರೀದಿಗೆ ಇಳಕಲ್ಲಿಗೆ ಬಂದವನು ಅಲ್ಲಿಯ ಫ್ಯಾಕ್ಟರಿಯಲ್ಲಿ ಪಾಲಿಶ್ ಹಿಡಿಯುತ್ತಿದ್ದ ಶೇಖಪ್ಪನ ಕೈ ನೋಡಿ ಇಲ್ಲಿಗೆ ಕರೆಸಿಕೊಂಡಿದ್ದ. ಮಗ ರೊಕ್ಕೊನ ಹೆಸರು ಮೊದಲ ಸಲ ಕೇಳಿದಾಗ ಜಯಶೀಲಾ, ‘ರೊಕ್ಕ ಅಂತನ ಹೆಸರಿಟ್ಕೊಂಡಾರಲ್ರಿ ಪುಣ್ಯಾತ್ಮರು’ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ರೊಕ್ಕೊ ಹಾಳೆಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟು, ‘ಶೇಕ್, ಇವನದು ನಿನ್ನದೇ ಅಡ್ಡಹೆಸರಲ್ಲವಾ? ಸಂಬಂಧಿಕನಾ?’ ಎಂದು ಕೇಳಿದ. ‘ನೋ ನೋ ಬಾಸ್. ನಮ್ಮ ಕಡೆ ಕಾಮನ್ ನೇಮ್. ನಿಮ್ಮಲ್ಲಿ ರೊಸ್ಸಿ ಇದ್ದಹಾಗೆ.’ ಎಷ್ಟು ಸಲೀಸಾಗಿ ಬಂತು ಬಾಯಿಂದ! ಈ ಇಡೀ ಟೊರೊಂಟೊ ಸೀಮೆಯಲ್ಲಿ ಕಂದಗಲ್ಲ ಅನ್ನುವ ಮನೆ ಒಂದೇ ಒಂದು. ರೊಕ್ಕೊ ತಲೆ ಕೊಡವಿ, ‘ಪಾಪ, ಯಾರು ಹೆತ್ತ ಮಗನೋ. ಯಾರದೋ ಜಗಳಕ್ಕೆ ಹೋಗಿ’ ಅಂದ. ಶೇಖಪ್ಪನೂ ತಲೆ ಕೊಡವಿದ. ‘ಪಾಪ’ ಅಂದ. ತನ್ನ ಮಗನನ್ನು ಬೇರೆ ಯಾರದೋ ಮಗ ಮಾಡಿ ತಾನೇ ಅಯ್ಯೋ ಪಾಪ ಅಂದುಬಿಟ್ಟನಲ್ಲ, ಎಂಥ ಅಪ್ಪ ತಾನು ಎಂದು ಆಮೇಲೆ ಬಚ್ಚಲಿನ ಕನ್ನಡಿಯ ಮುಂದೆ ನಿಂತು ಕೈ ತೊಳೆದ, ಸಿಮೆಂಟಿನ ಬಣ್ಣದ ನೀರು ಹೋಗಿ ತಿಳಿನೀರು ಬಂದ ಮೇಲೂ ತೊಳೆದ.

ಚನ್ನವೀರ ಅನ್ನುವುದು ಶೇಖಪ್ಪನ ಅಪ್ಪ ಚನ್ನವೀರಪ್ಪನ ಹೆಸರು. ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ಅವರ ಮನೆಯ ಪದ್ಧತಿ. ಹಾಗಾಗಿ ಆ ಹೆಸರು ಜಯಶೀಲಾಗೆ ಮಾವನ ಹೆಸರೂ ಆಯಿತು, ಮಾವನ ಹೆಸರನ್ನು ಸೊಸೆ ನಾಲಿಗೆಯ ಮೇಲೆ ತರುವಂತಿಲ್ಲ. ಹೆತ್ತ ದಿನದಿಂದಲೂ ಅವಳಿಗೆ ಮಗ ‘ಅಜ್ಜಪ್ಪ’. ಅಜ್ಜಪ್ಪಾ ಹಾಲು ಕುಡಿ, ಅಜ್ಜಪ್ಪಾ ಸಾಕ್ಸು ಹಾಕ್ಕೋ. ಮಗ ಹುಟ್ಟಿದಾಗ ಮಿಸ್ಸಿಸಾಗಾದ ಆಸ್ಪತ್ರೆಯಲ್ಲಿ ನರ್ಸು ಮಗುವಿನ ಹೆಸರು ಕೇಳಿದರೆ ಈ ಹೆಣ್ಣುಮಗಳು ಗಂಡನ ಮುಖ ನೋಡಿದಳು. ನರ್ಸು ಅದಕ್ಕೆ ಬೇರೇನೋ ಅರ್ಥ ಕಟ್ಟಿ, ಮನೆಯಲ್ಲಿ ಎಲ್ಲ ಸರಿ ಇದೆಯೇ ಎಂದು ಶೇಖಪ್ಪನನ್ನು ಹೊರಗೆ ಕಳಿಸಿ ವಿಚಾರಿಸಿದಳಂತೆ. ಶಾಲೆಯ ಆಫೀಸಿನಲ್ಲಿ ಕೇಳಿದರೆ ಪರ್ಸಿನಿಂದ ಒಂದು ಚೀಟಿ ತೆಗೆದು ತೋರಿಸುತ್ತಿದ್ದಳು. ‘ಅವ್ವಾ, ಇಟ್ಸ್ ಜಸ್ಟ್ ಎ ನೇಮ್. ಒಮ್ಮೆ ಅನ್ನು, ಪ್ಲೀಸ್’ ಎಂದು ಹತ್ತನೆಯ ಕ್ಲಾಸಿನಲ್ಲಿ ಮಗ ಅವಳ ಹಿಂದೆ ಹಿಂದೆ ಅಡುಗೆಮನೆಯ ತುಂಬ ತಿರುಗಿದ್ದ, ಇಪ್ಪತ್ತು ಡಾಲರಿಗೆ ಪಣ ಕಟ್ಟಿದ್ದ. ಅವಳು ಲಟ್ಟಣಿಗೆ ಎತ್ತಿ ಓಡಿಸಿದ್ದಳು. ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ಅವಳ ಬಾಯಲ್ಲಿ ಬಾರದ ಹೆಸರನ್ನು ಭಾನುವಾರ ಎದ್ದು ನಿಂತು ಅವಳು ಓದಬೇಕು ಅನ್ನುತ್ತಾರೆ. ಓದುವುದು ಆಮೇಲಿನ ಮಾತು. ಮೊದಲು ಅವಳಿಗೆ ಹೇಳಬೇಕು.

ಎರಡು ವರ್ಷದ ಹಿಂದೆ ಜನವರಿಯ ಒಂದು ಬೆಳಿಗ್ಗೆ ಡ್ರೈವ್‌ವೇಯಲ್ಲಿ ಹಿಮ ಎತ್ತುತ್ತಿದ್ದಾಗ ಮಗ ತಾನೂ ಒಂದು ಸಲಿಕೆ ಹಿಡಿದುಕೊಂಡು ಹೊರಗೆ ಬಂದ. ಎಂದೂ ಕರೆಯದೆ ಬಾರದವನು ಬಂದಾಗಲೇ ಏನೋ ಇದೆ ಅನಿಸಿತ್ತು. ಗ್ಯಾರೇಜಿನಿಂದ ರಸ್ತೆಯವರೆಗೆ ಅರ್ಧ ದಾರಿ ಮಾಡಿದ ಮೇಲೆ, ಯುಕ್ರೇನಿಗೆ ಹೋಗುತ್ತೇನೆ ಅಂತ ಹೇಳಿದ. ನಾಲ್ಕು ವರ್ಷ ಇಲ್ಲಿಯ ಮೀಸಲು ಪಡೆಯಲ್ಲಿ ಶನಿವಾರ ಶನಿವಾರ ಕವಾಯತು ಮಾಡಿ ಬಂದದ್ದನ್ನು ಶೇಖಪ್ಪ ಜಿಮ್ಮಿಗೆ ಹೋದಹಾಗೆ ಅಂದುಕೊಂಡಿದ್ದ. ‘ಅವರ ಯುದ್ಧಲೇ ಅದು. ನಿನಗೇನ್ ಸಂಬಂಧ?’ ಅಂದ. ಮಗ ಸಲಿಕೆ ಊರಿ ನಿಂತು, ‘ಅಪ್ಪಾ, ನೀ ಇಲ್ಲಿಗೆ ಬಂದಾಗ ಇದು ಯಾರ ದೇಶ ಇತ್ತು?’ ಅಂದ. ದನಿ ಎತ್ತರಿಸಲಿಲ್ಲ. ಅದೇ ಸುಟ್ಟಿದ್ದು. ಶೇಖಪ್ಪನಿಗೆ ಸಿಟ್ಟು ಬಂತು. ‘ಹೋಗು. ಹೋಗಿ ಬಾ ಅನ್ನಂಗಿಲ್ಲ ನಾ, ಹೋಗು, ಅಷ್ಟ. ನಿನ್ನ ಹೆಸರಿನ ಕಲ್ಲು ನಾನೇ ಹೊಡೀತೀನಿ. ಪುಕಟ.’ ಗ್ಯಾರೇಜಿನ ಬಾಗಿಲಲ್ಲಿ ಜಯಶೀಲಾ ಹಿಟ್ಟಿನ ಕೈಯಲ್ಲಿ ನಿಂತಿದ್ದಳು. ‘ಬಿಡ್ತು ಅನ್ರಿ! ಅಯ್ಯ ಶಿವನ, ಮೊದ್ಲ ಬಿಡ್ತು ಅನ್ರಿ!’ ಅಪಶಕುನದ ಮಾತು ಬಾಯಿ ತಪ್ಪಿ ಬಂದರೆ ತಕ್ಷಣ ಬಿಡ್ತು ಅನ್ನಬೇಕು, ಅಸ್ತು ದೇವತೆಗಳು ಮೇಲೆ ಓಡಾಡುತ್ತಿರುತ್ತಾರೆ, ಅವರು ಅಸ್ತು ಅನ್ನುವುದರೊಳಗೆ ಅಂದುಬಿಡಬೇಕು. ಎಷ್ಟೊತ್ತಿನ ಕೆಲಸ? ಎರಡಕ್ಷರ. ಜ್ವರ ಬಂದು ನೋಡು, ಬಿದ್ದು ಕಾಲು ಮುರಕೊಂಡೀ ನೋಡು, ಅಂತ ಬೈದಾಗೆಲ್ಲ ಹಿಂದೆಯೇ ಬಿಡ್ತು ಅಂದವನೇ ಶೇಖಪ್ಪ. ಅವತ್ತು ಅನ್ನಲಿಲ್ಲ. ಮಗ ನೋಡುತ್ತಿದ್ದನಲ್ಲ, ಅವನೆದುರು ಸೋತಂತಾಗುತ್ತಿತ್ತು. ಅವನು ಹೊರಡುವವರೆಗಿನ ಮೂರು ದಿನ ಜಯಶೀಲಾ ಅನ್ನ ಬಡಿಸುತ್ತ, ಹಾಸಿಗೆ ಹಾಸುತ್ತ, ಲೈಟು ಆರಿಸುತ್ತ ಬೇಡಿದಳು. ಏರ್‌ಪೋರ್ಟಿನ ಗಾಜಿನ ಬಾಗಿಲ ಹತ್ತಿರ ಇವನ ತೋಳು ಹಿಡಿದು, ‘ಈಗರೇ ಅನ್ರಿ’ ಅಂದಳು. ಮಗ, ‘ಅವ್ವಾ, ಇಟ್ಸ್ ಓಕೆ, ಲೀವ್ ಇಟ್’ ಎಂದು ನಕ್ಕ, ಕೊರಳಲ್ಲಿದ್ದ ಲಿಂಗದ ಕರಡಿಗೆ ಬಿಚ್ಚಿ, ಅಲ್ಲಿ ಕಳೆದುಹೋದೀತು ಎಂದು ಅವಳ ಕೈಗೆ ಕೊಟ್ಟ. ಶೇಖಪ್ಪ ಪಾರ್ಕಿಂಗ್ ಟಿಕೆಟ್ಟಿನ ಹಿಂದೆ ಬರೆದದ್ದನ್ನೆಲ್ಲ ಓದುತ್ತ ನಿಂತಿದ್ದ.

ಈ ವರ್ಷ ಮಾರ್ಚಿನ ಒಂದು ಮಂಗಳವಾರ ಮಗನ ಜೊತೆಗಾರ ಟೈಲರ್ ಅಂತ, ಸಡ್‌ಬರಿ ಕಡೆಯವನು, ಫೋನು ಮಾಡಿದ. ಶೇಖಪ್ಪ ಶೆಡ್ಡಿನ ಹಿತ್ತಲಿನಲ್ಲಿ ನಿಲ್ಲಿಸಿಟ್ಟ ಕಲ್ಲಿನ ಹಲಗೆಗಳ ನಡುವೆ ಹೋಗಿ ಕೇಳಿಸಿಕೊಂಡ. ಟೈಲರ್ ಪ್ರತಿ ಮಾತಿಗೂ ಸರ್ ಅನ್ನುತ್ತಿದ್ದ. ಗಾಯ ಆದಮೇಲೆ ಹೆಚ್ಚು ಹೊತ್ತು ಇರಲಿಲ್ಲ ಸರ್, ತಂದುಕೊಳ್ಳಲು ಎರಡು ಸಲ ಹೋದೆವು ಸರ್, ಆಗಲಿಲ್ಲ ಸರ್. ತಂದುಕೊಳ್ಳಲು ಅಂದರೆ ಹೆಣ. ಕೂರಿಸಿ ಮಣ್ಣು ಮಾಡುವ ಜನ ನಾವು. ಮೀಯಿಸಿ, ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಲಿಂಗ ಇಟ್ಟು, ಪದ್ಮಾಸನ ಹಾಕಿಸಿ, ಬದುಕಿದವರನ್ನು ಜಗಲಿಯ ಮೇಲೆ ಕೂರಿಸಿದಹಾಗೆ ಕೂರಿಸುತ್ತೇವೆ. ಅವನು ಎಲ್ಲಿ ಹೇಗೆ ಬಿದ್ದಿದ್ದಾನೋ, ಅಂಗಾತವೋ, ಬೋರಲೋ. ಫೋನು ಇಟ್ಟಮೇಲೆ ಬಿಡ್ತು ಅನ್ನಲು ಬಾಯಿ ತೆರೆದ, ನಿಜ, ತೆರೆದ. ಯಾರಿಗೆ ಅನ್ನುವುದು ಇನ್ನು? ಅವತ್ತು ಎರಡು ಕಲ್ಲು ಮುಗಿಸುವುದಿತ್ತು, ಮುಗಿಸಿದ.

ಹೇಳಬೇಕು ಅಂತಲೇ ಇದ್ದ. ಮಂಗಳವಾರ ಆಗಲಿಲ್ಲ, ಅವಳಿಗೆ ತಲೆನೋವು. ಬುಧವಾರ ಆಗಲಿಲ್ಲ. ಶುಕ್ರವಾರ ಬಂತು. ಶುಕ್ರವಾರ ಮಧ್ಯಾಹ್ನ ಇವನ ಊಟದ ಹೊತ್ತಿಗೆ ಮಗನ ಫೋನು ಬರುವ ರೂಢಿ. ಜಯಶೀಲಾ ಎರಿನ್ ಮಿಲ್ಸ್‌ನ ಮಾಲಿನಲ್ಲಿ ಬಟ್ಟೆ ಮಡಿಚುವ ಕೆಲಸದವಳು, ಶಿಫ್ಟಲ್ಲಿ ಫೋನು ಲಾಕರಿನೊಳಗೆ. ಸಂಜೆ ಮನೆಗೆ ಬಂದು ಇವನೇ ಸುದ್ದಿ ಒಪ್ಪಿಸಬೇಕು. ಆ ಶುಕ್ರವಾರ ದಾರಿಯುದ್ದಕ್ಕೂ, ಜಯಾ, ಇಲ್ಲಿ ಕೂಡು, ಒಂದು ಮಾತು ಹೇಳೂದದ, ಎಂದು ಗಟ್ಟಿಯಾಗಿ ಕಾರಿನಲ್ಲಿ ಅಂದುಕೊಂಡು ಬಂದ. ಬಾಗಿಲು ತೆರೆದರೆ ಅಡುಗೆಮನೆಯಿಂದ, ‘ಬಂತೇನ್ರಿ ಫೋನು?’ ಎಂದಳು. ‘ಬಂತು’ ಎಂದ. ‘ಏನಂದಾ?’ ‘ಆರಾಮ ಅದೀನಿ ಅಂದಾ. ಹೊಸ ಜಾಗಾ, ವಾರಕ್ಕ ಇದೊಂದ ಫೋನು ಅಂತ ಇನ್ನ ಮ್ಯಾಲ, ಮೆಸೇಜೂ ಇಲ್ಲಂತ.’ ಅಷ್ಟೇ. ಆಮೇಲೆ ಇಪ್ಪತ್ತೇಳು ಶುಕ್ರವಾರ. ನಾಚಿಕೆಯ ಸಂಗತಿ ಏನೆಂದರೆ ಶೇಖಪ್ಪನಿಗೆ ಅದು ಬರಬರುತ್ತ ಚೆನ್ನಾಗಿ ಬರತೊಡಗಿತು. ಬುಧವಾರದಿಂದಲೇ ಈ ವಾರ ಮಗ ಏನನ್ನಬೇಕು ಎಂದು ಯೋಚಿಸುತ್ತಿದ್ದ. ಅಲ್ಲೊಂದು ನಾಯಿ ಸಾಕಿದ್ದಾರಂತೆ, ಅದಕ್ಕೆ ರೊಟ್ಟಿ ಅಂತ ಹೆಸರಿಟ್ಟಿದ್ದಾನಂತೆ. ಬೀಟ್‌ರೂಟಿನ ಸಾರು ಕುಡಿದು ಕುಡಿದು ಬೇಸರವಂತೆ, ನಿನ್ನ ಕೈಯ ಎಣ್ಣೆಗಾಯಿ ಕನಸಿನಲ್ಲಿ ಬಂತಂತೆ. ಒಂದು ಶುಕ್ರವಾರ, ‘ಅಪ್ಪನ ಮೊಣಕಾಲ ನೋವು ಹ್ಯಾಂಗೈತಿ ಅಂತ ಕೇಳಿದ ನೋಡು’ ಅಂದ. ಜಯಶೀಲಾ ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತಿ ಇವನನ್ನು ನೋಡಿ ಮತ್ತೆ ಸೊಪ್ಪಿಗೆ ತಿರುಗಿದಳು. ನಿಜವಾದ ಮಗ ವರ್ಷದ ಮೇಲೆಯೇ ಫೋನು ಮಾಡಿದನಲ್ಲ, ನಾಲ್ಕು ನಿಮಿಷದ ಮೇಲೆ ಒಂದು ಸಲವೂ ಹೋಗಲಿಲ್ಲ, ಅವ್ವಗ ಹೇಳು ಅಂದದ್ದೇ ಹೆಚ್ಚು, ಮೊಣಕಾಲನ್ನು ಯಾವಾಗ ಕೇಳಿದ್ದ? ಸತ್ತಮೇಲೆ ಕೇಳುತ್ತಿದ್ದಾನೆ. ಸತ್ತಮೇಲೆ ಅಪ್ಪನ ಮೇಲೆ ಅವನಿಗೆ ಸಿಟ್ಟಿಲ್ಲ. ಈ ಮಗನನ್ನು ಕೊಲ್ಲುವುದು ಹೇಗೆ? ಒಮ್ಮೆ ಹೇಳಿಬಿಟ್ಟರೆ ಇವನೂ ಸಾಯುತ್ತಾನೆ, ಎರಡನೆಯ ಸಲ, ಈ ಸಲ ಶೇಖಪ್ಪನ ಬಾಯಿಂದಲೇ. ಇತ್ತೀಚೆಗೆ ಮೂರು ನಾಲ್ಕು ವಾರದಿಂದ ಅವಳು ‘ಏನಂದಾ’ ಎಂದು ಕೇಳುವುದನ್ನು ಬಿಟ್ಟಿದ್ದಳು. ಬಂತೇನ್ರಿ ಅನ್ನುವಳು, ಬಂತು ಅಂದರೆ ಸುಮ್ಮನಾಗುವಳು, ಇವನೇ ಮುಂದಿನದನ್ನೆಲ್ಲ ಹೇಳುವನು. ಬೆಳಿಗ್ಗೆ ಪೂಜೆಗೆ ಕೂತಾಗ ತನ್ನ ಲಿಂಗದ ಪಕ್ಕಕ್ಕೆ ಮಗನ ಲಿಂಗವನ್ನೂ ಇಟ್ಟುಕೊಂಡು ಅದಕ್ಕೂ ವಿಭೂತಿ ಹಚ್ಚುವಳು. ಶೇಖಪ್ಪ ಆ ಕಡೆ ನೋಡದೆ ಶೂಸು ಹಾಕಿಕೊಳ್ಳುವನು.

ಜೇಬಿನಲ್ಲಿ ಫೋನು ನಡುಗಿತು. ಚಾಕು ಕೆಳಗಿಟ್ಟ. ಶುಕ್ರವಾರ ಮಧ್ಯಾಹ್ನ ಫೋನು ನಡುಗಿದರೆ ಇನ್ನೂ ಎದೆ ಒಂದು ಸಲ ಹಾರುತ್ತದೆ, ಹುಚ್ಚು ಎದೆ. ನಿಜಗುಣ. ಬೆಳಗಾವಿ ಕಡೆಯವನು, ಕನ್ನಡ ಸಂಘದ ಎಲ್ಲ ಕೆಲಸಕ್ಕೂ ಮುಂದೆ ನುಗ್ಗುವವನು. ಸಂಘದವರಿಗೆಲ್ಲ ಶೇಖಪ್ಪ, ಮಗ ಕ್ಯಾಲ್ಗರಿಯ ಎಣ್ಣೆ ಕಂಪನಿಯಲ್ಲಿದ್ದಾನೆ ಎಂದು ಹೇಳಿ ಎರಡು ವರ್ಷವಾಗಿತ್ತು. ಯಾರದೋ ದೇಶಕ್ಕೆ ಬಂದೂಕು ಹಿಡಿದು ಹೋದ ಅಂದರೆ ಏನಂದುಕೊಂಡಾರು ಅಂತ. ‘ಶೇಖಪ್ಪಣ್ಣಾ, ಊಟ ಆತೇನ್ರಿ? ಒಂದು ಛಲೋ ಸುದ್ದಿ ಐತಿ. ನಮ್ಮ ಸಡಕನ ಮಗಳು ಮಾಧುರಿ ಇದಾಳಲ್ರಿ, ಬ್ರಾಂಪ್ಟನ್ನಾಗ ಫಾರ್ಮಸಿ ಮಾಡ್ಯಾಳ, ನಮ್ಮ ಪೈಕಿನ. ನಿಮ್ಮ ಹುಡುಗಗ ಯಾಕ ಕೇಳಬಾರದು ಅಂತ ನಮ್ಮಾಕಿ ಅಂದ್ಲು. ಕ್ಯಾಲ್ಗರಿಯಿಂದ ಯಾವಾಗ ಬರ್ತಾನ್ರಿ ಅಂವ?’ ಶೇಖಪ್ಪನ ಕಣ್ಣು ಹನ್ನೊಂದನೆಯ ಸಾಲಿನ ಮೇಲೇ ಇತ್ತು. ‘ದೀಪಾವಳಿಗೆ’ ಎಂದ. ಏನು ಬಾಯಿ ಇದು, ಕತ್ತರಿಸಿ ಒಗೆಯಬೇಕು. ‘ಹಂಗಾರ ಒಂದು ಫೋಟೋ ಕಳಸ್ರಿ. ನಗೂ ಫೋಟೋ ಕಳಸ್ರಿ ಮತ್ತ, ನಿಮ್ಮ ಮಂದಿ ಫೋಟೋದಾಗ ಜಗಳಕ್ಕ ನಿಂತೋರಂಗ ನಿಂತಿರ್ತೀರಿ!’ ನಿಜಗುಣ ತಾನೇ ದೊಡ್ಡದಾಗಿ ನಕ್ಕ. ಶೇಖಪ್ಪನೂ ನಕ್ಕ. ‘ಕಳಸ್ತೀನ್ರಿ’ ಅಂದ. ನಗುವ ಫೋಟೋ ಒಂದು ನಿಜವಾಗಲೂ ಇತ್ತು, ಒಕ್ಸಾನಾಳ ಹತ್ತಿರ. ಭಾನುವಾರ ಚೌಕಟ್ಟು ಹಾಕಿಸಿ ಕಲ್ಲಿನ ಮುಂದೆ ಇಡುತ್ತಾರೆ.

ಅಲ್ಲೇ ಮರಳು ಚೆಲ್ಲಿದ ನೆಲದ ಮೇಲೆ ಕೂತ. ಕೀಳದೆ ಬಿಟ್ಟರೆ ಏನಾಗುತ್ತದೆ? ಮರಳು ಪುಟಿದು ಹೋಗುತ್ತದೆ, ಹತ್ತು ಹೆಸರಿನ ಕೆಳಗೆ ಒಂದಿಷ್ಟು ನುಣುಪು ಜಾಗ ಉಳಿಯುತ್ತದೆ, ಅಷ್ಟೇ ತಾನೇ. ಮರೆತೆ ಅಂದರಾಯಿತು. ಇಪ್ಪತ್ತೆಂಟು ವರ್ಷದಲ್ಲಿ ಒಂದು ಸಾಲು ಮರೆಯುವ ಹಕ್ಕು ಇಲ್ಲವೇ ನನಗೆ? ಕಲ್ಲಿನ ಮೇಲೆ ಇಲ್ಲದವನು ಸತ್ತಿಲ್ಲ. ಮುಂದಿನ ಶುಕ್ರವಾರವೂ ಫೋನು ಮಾಡುತ್ತಾನೆ. ಹೀಗೆ ಅಂದುಕೊಳ್ಳುತ್ತಿದ್ದಾಗಲೇ ಬೆನ್ನ ಹಿಂದೆ ರೊಕ್ಕೊನ ಬೂಟಿನ ಸದ್ದಾಯಿತು. ‘ಶೇಕ್, ಒಂದು ಸಾಲು ಬಿಟ್ಟಿದ್ದೀಯ ನೋಡು. ಮೊಣಕಾಲು ನೋವಾ? ಕೂತಿರು, ನಾನು ಮುಗಿಸುತ್ತೇನೆ’ ಎಂದು ಚಾಕು ಎತ್ತಿಕೊಂಡು ಬಗ್ಗಿದ. ಚಾಕುವಿನ ತುದಿ ಮೊದಲನೆಯ ಅಕ್ಷರದ ಅಂಚಿಗೆ ಹೋಯಿತು. ‘ಮುಟ್ಟಬ್ಯಾಡ!’ ಶೆಡ್ಡಿನ ತಗಡಿಗೆಲ್ಲ ಆ ಕೂ‌ಗು ಬಡಿಯಿತು. ಕನ್ನಡದಲ್ಲೇ ಕೂಗಿದ್ದ. ರೊಕ್ಕೊನ ಕೈ ಅಲ್ಲೇ ನಿಂತಿತು. ಅವನು ನೆಲದ ಮೇಲೆ ಕೂತವನನ್ನು ನೋಡಿದ, ಆ ಸಾಲನ್ನು ನೋಡಿದ, ಮತ್ತೆ ಇವನನ್ನು ನೋಡಿದ. ‘ಅವನು ನನ್ನವನು. ಐ ಡೂ ಇಟ್. ಮೈ ಸನ್’ ಅಂದ ಶೇಖಪ್ಪ. ಆರು ತಿಂಗಳಲ್ಲಿ ಮೊದಲ ಸಲ ಒಬ್ಬ ಮನುಷ್ಯನ ಮುಂದೆ ಅಂದದ್ದು. ಹೆಂಡತಿಗಿಂತ ಮೊದಲು ಈ ಇಟಲಿಯವನಿಗೆ ಅಂದೆನಲ್ಲ ಎಂದು ಅದಕ್ಕೂ ನಾಚಿಕೆಯಾಯಿತು. ರೊಕ್ಕೊ ಚಾಕುವನ್ನು ಹಿಡಿಯ ಕಡೆ ಮುಂದೆ ಮಾಡಿ ಇವನ ಕೈಗೆ ಕೊಟ್ಟ. ಹೊಲದ ಬೇಲಿಯಂಥ ದಪ್ಪ ಹುಬ್ಬಿನವನು, ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ಆಮೇಲೆ ಶೆಡ್ಡಿನಲ್ಲಿದ್ದ ಉಳಿದವರನ್ನು ಹೊರಗೆ ಕರೆದುಕೊಂಡು ಹೋಗಿ ಬಾಗಿಲು ಎಳೆದುಕೊಂಡ.

ಕಿತ್ತ. ಸಿ ಎದ್ದು ಬಂತು. ಕೆಳಗೆ ಚೆಲ್ಲಲು ಕೈ ಬರಲಿಲ್ಲ. ಸಂಜೆ ಗುಡಿಸುವಾಗ ಎಲ್ಲರ ಅಕ್ಷರಗಳೂ ಒಟ್ಟಿಗೇ ಕಸದ ಡಬ್ಬಿಗೆ ಹೋಗುತ್ತವೆ. ಎಡಗೈಗೆ ಅಂಟಿಸಿಕೊಂಡ. ಎಚ್ಚನ್ನೂ ಅಂಟಿಸಿಕೊಂಡ. ಎ ಕೀಳುವಾಗ ಇಪ್ಪತ್ತೆಂಟು ವರ್ಷದಲ್ಲಿ ಆಗದ್ದು ಆಯಿತು, ಹೊಟ್ಟೆಯ ತ್ರಿಕೋನ ಜೊತೆಗೇ ಎದ್ದು ಬಂತು. ಅಕ್ಕಿಕಾಳಿನಷ್ಟು ರಬ್ಬರು. ಅದನ್ನು ನಾಲಿಗೆಗೆ ತಾಗಿಸಿ ಮತ್ತೆ ಅದರ ಜಾಗದಲ್ಲಿ ಕೂರಿಸಿ, ಹೆಬ್ಬೆರಳಿನಿಂದ ಒತ್ತಿ ಹಿಡಿದು, ‘ಕೂಡು ಮಗಾ, ಕೂಡು’ ಅಂದ. ಕೂತಿತು. ಬೆವರಿಗೆ ಕೈಮೇಲಿನ ಅಕ್ಷರ ಜಾರತೊಡಗಿದವು. ಊಟದ ಡಬ್ಬಿಯನ್ನು ಎಳೆದುಕೊಂಡ. ರೊಟ್ಟಿ, ಬದನೆಕಾಯಿ ಪಲ್ಯ ಮುಟ್ಟದೆ ಹಾಗೇ ಇತ್ತು. ಮುಚ್ಚಳದ ಒಳಗಿನ ಎಣ್ಣೆ ಜಿಡ್ಡನ್ನು ಅಂಗಿಯ ತುದಿಯಿಂದ ಒರೆಸಿ, ಅಡ್ಡಹೆಸರು ಬಿಟ್ಟು ಬರೀ ಹೆಸರಿನ ಹತ್ತು ಅಕ್ಷರಗಳನ್ನು ಅದರೊಳಗೆ ಎರಡು ಸಾಲಾಗಿ ಅಂಟಿಸಿದ. ಯಾಕೆ ಹಾಗೆ ಮಾಡುತ್ತಿದ್ದೇನೆ ಎಂದು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ. ಗೊತ್ತಿತ್ತು ಅವನಿಗೆ. ದಿನಾ ಸಂಜೆ ಆ ಡಬ್ಬಿ ತೆರೆದು ತೊಳೆಯುವವರು ಯಾರು ಅನ್ನುವುದು ಗೊತ್ತಿರುವ ಕೈಯೇ ಅದನ್ನು ಮಾಡುತ್ತಿತ್ತು. ಬಾಯಿ ಮಾಡಲಾಗದ್ದನ್ನು ಕೈ ಮಾಡಲಿ. ಹೇಡಿ, ಹೇಡಿ ಎಂದುಕೊಳ್ಳುತ್ತಲೇ ಮುಚ್ಚಳ ಹಾಕಿದ. ಆಮೇಲೆ ಮುಖಕ್ಕೆ ಗಾಜಿನ ಕವಚ ಹಾಕಿಕೊಂಡು ಕೊಳವೆ ಹಿಡಿದ. ಮರಳು ಹೊಡೆಯುವ ಸದ್ದಿನಲ್ಲಿ ಮನುಷ್ಯ ಎಷ್ಟು ಗಟ್ಟಿಯಾಗಿ ಅತ್ತರೂ ಹೊರಗೆ ಕೇಳುವುದಿಲ್ಲ. ಅತ್ತ. ಕೊಳವೆ ಮಾತ್ರ ಅಲ್ಲಾಡಿಸಲಿಲ್ಲ. ಮುಗಿದಮೇಲೆ ಬೆರಳಿಟ್ಟು ನೋಡಿದರೆ ಹನ್ನೊಂದೂ ಸಾಲು ಒಂದೇ ಆಳ ಇದ್ದವು.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಪಕ್ಕದ ಮನೆಯವರು ಹುಲ್ಲು ಕತ್ತರಿಸುತ್ತಿದ್ದರು. ಜಯಶೀಲಾ ಆಗಲೇ ಬಂದಿದ್ದಳು, ಅಂಗಡಿಯ ಟೀ ಶರ್ಟು ಕೂಡ ಬದಲಿಸಿರಲಿಲ್ಲ. ‘ಬಂತೇನ್ರಿ ಫೋನು?’ ಎಂದಳು. ಶೇಖಪ್ಪ ಬಾಯಿ ತೆರೆದ. ಇಷ್ಟು ವಾರ ತಾನಾಗಿಯೇ ಉರುಳಿ ಬರುತ್ತಿದ್ದ ಮಾತು ಇವತ್ತು ಬರಲಿಲ್ಲ. ಡಬ್ಬಿಯನ್ನು ಸಿಂಕಿನ ಪಕ್ಕ ಇಟ್ಟು, ಊಟದ ಮೇಜಿನ ಕುರ್ಚಿ ಎಳೆದು ಕೂತು, ಶೂಸಿನ ಲೇಸು ಬಿಚ್ಚತೊಡಗಿದ. ‘ಯಾಕ, ಬರಲಿಲ್ಲೇನು?’ ಅನ್ನುತ್ತ ಅವಳು ನಲ್ಲಿ ತಿರುಗಿಸಿದಳು. ಡಬ್ಬಿಯ ಮುಚ್ಚಳ ತೆರೆದ ಸದ್ದು ಕೇಳಿತು. ‘ಅಯ್ಯ, ಒಂದು ತುತ್ತೂ ಉಂಡಿಲ್ಲಲ್ರಿ. ಇದೇನಿದು, ಮತ್ತ ನಿಮ್ಮ ರಬ್ಬರ್ ಅಕ್ಷರ? ಸಾಕ್ಸಿನಾಗ ಸಿಗೂದು ಸಾಲದು ಅಂತ ಡಬ್ಬ್ಯಾಗೂ…’ ಅಲ್ಲಿಗೆ ನಿಲ್ಲಿಸಿದಳು. ಮುಚ್ಚಳವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಕೊರಳಿಗೆ ತೂಗುಬಿಟ್ಟ ಚಾಳೀಸು ಮೂಗಿಗೆ ಏರಿಸಿಕೊಂಡಳು. ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸುತ್ತ ತುಟಿಯೊಳಗೇ ಓದುವುದು ಇವನಿಗೆ ಕಾಣದಿದ್ದರೂ ಗೊತ್ತಾಯಿತು. ಲೇಸು ಗಂಟಾಗಿ ಕೂತಿತ್ತು. ನಲ್ಲಿ ಹರಿಯುತ್ತಲೇ ಇತ್ತು.

‘ಚನ್ನವೀರ’ ಎಂದಳು.

ಈ ದನಿಯಲ್ಲಿ ಆ ಹೆಸರನ್ನು ಶೇಖಪ್ಪ ಎಂದೂ ಕೇಳಿರಲಿಲ್ಲ, ತಲೆ ಎತ್ತಿದ. ಅವಳ ಎಡಗೈ ತಾನಾಗಿಯೇ ತಲೆಯ ಮೇಲೆ ಸೆರಗು ಎಳೆದುಕೊಳ್ಳಲು ಹೋಗಿ, ಸೆರಗಿಲ್ಲದೆ ಕೂದಲ ಮೇಲೆ ಸುಮ್ಮನೆ ಕೂತಿತು. ‘ಚನ್ನವೀರಾ’ ಎಂದು ಮತ್ತೆ ಅಂದಳು, ಈ ಸಲ ಬೇಸ್‌ಮೆಂಟಿನಲ್ಲಿ ಇದ್ದವನನ್ನು ಊಟಕ್ಕೆ ಕರೆದಹಾಗೆ, ಕೊನೆಯನ್ನು ಎಳೆದು. ಕಿವಿಗೊಟ್ಟಳು. ಮೆಟ್ಟಿಲ ಕಡೆ ನೋಡಿದಳು. ಯಾವಾಗ, ಎಲ್ಲಿ, ಹೇಗೆ, ಒಂದನ್ನೂ ಕೇಳಲಿಲ್ಲ. ನಲ್ಲಿ ನಿಲ್ಲಿಸಿದಳು, ಮುಚ್ಚಳವನ್ನು ದೇವರ ಪಟದ ಹತ್ತಿರ ಎರಡು ಕರಡಿಗೆಗಳ ನಡುವೆ ಇಟ್ಟು ಬಂದು ಇವನ ಮುಂದೆ ನಿಂತಳು. ಹೊಡೆಯುತ್ತಾಳೆ ಎಂದು ಶೇಖಪ್ಪ ಕಣ್ಣು ಮುಚ್ಚಿದ. ಹೊಡೆಯಲಿ, ಹೊಡೆದು ಕೊಂದೇ ಹಾಕಲಿ ಎಂದು ಕಾದ. ಅವಳು ಒದ್ದೆ ಕೈಯಿಂದ ಇವನ ದವಡೆ ಹಿಡಿದಳು, ಔಷಧಿ ಕುಡಿಯದ ಮಕ್ಕಳನ್ನು ಹಿಡಿಯುವಹಾಗೆ ಹಿಡಿದು ಮುಖ ಮೇಲೆತ್ತಿದಳು.

‘ಅನ್ರಿ.’

‘ಏನು?’

‘ಬಿಡ್ತು ಅನ್ರಿ.’

‘ಜಯಾ, ಇನ್ನೇನೈತಿ…’

‘ಅನ್ರಿ. ಈಗರೇ ಅನ್ರಿ.’

‘ಬಿಡ್ತು’ ಎಂದ.

‘ಕೇಳಲಿಲ್ಲ.’

‘ಬಿಡ್ತು.’ ಈ ಸಲ ಗಟ್ಟಿಯಾಗಿ ಅಂದ. ಹೊರಗೆ ಹುಲ್ಲಿನ ಮಷಿನ್ನು ನಿಂತಿತು. ‘ಇನ್ನೊಮ್ಮೆ’ ಎಂದಳು. ಇನ್ನೊಮ್ಮೆ ಅಂದ. ಅವಳ ಬೆರಳು ದವಡೆಯ ಮೂಳೆಗೆ ನೆಡುತ್ತಿದ್ದವು. ಬಿಡ್ತು, ಬಿಡ್ತು, ಎಂದು ಅವನು ಅನ್ನುತ್ತಲೇ ಇದ್ದ, ಗಂಟಲು ಒಣಗಿ ಬರೀ ಗಾಳಿ ಬರುವವರೆಗೂ ಅಂದ. ಅವಳು ಸಾಕು ಅನ್ನಲಿಲ್ಲ.